ದೊಡ್ಡಪ್ಪನ ಮೂರನೇ ಗೇರು

ಕನ್ನಡಕದವರಿಗೆ ಕಾರು ಓಡಿಸಲು ಚೆನ್ನಾಗಿ ಬರುತ್ತದೆ ಎಂಬ ವಿಷಯದಲ್ಲಿ ಆ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಪಡಲು ಅವರು ಬಿಡುವು ಕೊಟ್ಟರೆ ತಾನೆ? ಬೀದಿಯ ಕೊನೆಯಲ್ಲಿದ್ದ ಅವರ ಕನ್ನಡಕದ ಅಂಗಡಿಗೆ ಯಾರಾದರೂ ಕಣ್ಣು ತೋರಿಸಲು ಹೋದರೆ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವ ಮೊದಲು ಗೇರು ಬದಲಿಸುವ ಕಲೆಯ ಮೇಲೆ ಒಂದು ಭಾಷಣ ಆಗಲೇಬೇಕಿತ್ತು.

"ಗೇರ್ ಹಾಕಿದ್ದು ಒಳಗೆ ಕೂತೋರಿಗೆ ಗೊತ್ತಾಗಬಾರದು. ಅಷ್ಟೇ ಯಾಕೆ, ಗಾಡಿಗೇ ಗೊತ್ತಾಗಬಾರದು! ಈಗಿನೋರು ಗೇರ್ ಹಾಕ್ತಾರೇನ್ರೀ? ಗುದ್ದಲಿ ಹಾಕ್ತಾರೆ, ಗುದ್ದಲಿ!"

ಗಿರಾಕಿ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಹೂಂಗುಟ್ಟುತ್ತಿದ್ದ. ಇನ್ನೊಂದು ಕಣ್ಣಿನಿಂದ ಗಡಿಯಾರ ನೋಡುತ್ತಿದ್ದ.

ಅವರ ಕಾರು ಅವರ ತಂದೆ ಕೊಂಡದ್ದು. ತಂದೆ ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ ಅದು ತಯಾರಾಗಿದ್ದರಿಂದ ಬೀದಿಯವರೆಲ್ಲ ಅದನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಕಪ್ಪು ಮೈ, ಉಬ್ಬಿದ ಕೆನ್ನೆ, ಬೆರಗಾದ ಕಣ್ಣುಗಳಂಥ ಎರಡು ದೀಪ. ಮುಂದಿನ ಸೀಟು ಈಗಿನ ಕಾರುಗಳ ಹಾಗೆ ಎರಡು ತುಂಡಲ್ಲ. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಮೂವರು ಕೂರಬಹುದಾದ ಒಂದೇ ಸೀಟು. ಅದರ ಮುಂದೆ ನೆಲದಿಂದ ಎದ್ದು ನಿಂತ ಉದ್ದನೆಯ ಗೇರುಕೋಲು.

ದೊಡ್ಡಪ್ಪನಿಗಿದ್ದ ಕಾಯಿಲೆ ಒಂದೇ. ಮೂರನೇ ಗೇರಿಗೆ ಹಾಕಿದರೆ ಕೋಲು ಅಲ್ಲಿ ನಿಲ್ಲುತ್ತಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಕ್ ಎಂದು ಕಿತ್ತುಕೊಂಡು ನ್ಯೂಟ್ರಲ್ಲಿಗೆ ಬಂದು ಬೀಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ದಿನ ಕನ್ನಡಕದವರು ಪಕ್ಕದಲ್ಲಿ ಕೂತ ಹೆಂಡತಿಗೆ, "ಸ್ವಲ್ಪ ಇದನ್ನ ಹಿಡ್ಕೋ" ಎಂದರು. ಆಕೆ ಹಿಡಿದುಕೊಂಡರು. ಮಕ್ಕಳು ಹುಟ್ಟಿ, ಹಿಂದಿನ ಸೀಟಿನಲ್ಲಿ ಜಗಳವಾಡಿ ಬೆಳೆದು, ತಮ್ಮ ತಮ್ಮ ಸಂಸಾರ ಹೂಡಿದರೂ ಆಕೆಯ ಕೈ ಅಲ್ಲೇ ಇತ್ತು. ಅಂಗಡಿಗೆ ಕನ್ನಡಕದವರು ನಡೆದೇ ಹೋಗುತ್ತಿದ್ದರು. ಕಾರು ತೆಗೆದರೆಂದರೆ ಹೆಂಡತಿಯೂ ಜೊತೆಗಿದ್ದಾರೆ ಎಂದೇ ಅರ್ಥ.

ಇದನ್ನು ಎದುರುಮನೆಯ ಮಹಡಿಯಿಂದ ದಿನವೂ ನೋಡುತ್ತಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರು. ಬೇರೆಯವರ ಸಮಾಚಾರ ಬೇರೆಯವರಿಗೆ ತಲುಪಿಸಿಯೇ ಅವರಿಗೆ ಅಭ್ಯಾಸ. ಮಹಡಿಯಿಂದ ಅವರಿಗೆ ಕಾಣುತ್ತಿದ್ದದ್ದು ಇಷ್ಟು: ಗಂಡ ಹೆಂಡತಿ ಒತ್ತಿಕೊಂಡು ಕೂತಿದ್ದಾರೆ, ಇಬ್ಬರ ಕೈಯೂ ನಡುವೆ ಎಲ್ಲೋ ಸೇರಿಕೊಂಡಿದೆ. "ನೋಡಿ, ಈ ವಯಸ್ಸಲ್ಲೂ ಎಂಥಾ ಪ್ರೀತಿ!" ಎಂದು ಅವರು ಸಾರಿದ್ದೇ ಸಾರಿದ್ದು. ಬೀದಿಯಲ್ಲಿ ಯಾವ ಮನೆಯಲ್ಲಿ ಜಗಳವಾದರೂ ಹೆಂಡತಿಯರು, "ಕನ್ನಡಕದವರನ್ನ ನೋಡಿ ಕಲೀರಿ" ಎನ್ನುವುದು ರೂಢಿಯಾಯಿತು. ಗಂಡಂದಿರು ಕನ್ನಡಕದವರನ್ನು ಕಂಡರೆ ಮುಖ ಸಿಂಡರಿಸಿಕೊಳ್ಳುವುದೂ ರೂಢಿಯಾಯಿತು.

ಹೀಗಿರುವಾಗ ಸಾರಿಗೆ ಕಚೇರಿಯಿಂದ ಹೊಸ ಹುಕುಂ ಹೊರಟಿತು. ಹಳೆಯ ಕಾರುಗಳನ್ನೆಲ್ಲ ಕಚೇರಿಗೆ ತರಬೇಕು. ಇನ್‌ಸ್ಪೆಕ್ಟರು ಮುಂದೆ, ಓಡಿಸುವವರ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ರಸ್ತೆಗೆ, ಇಲ್ಲವಾದರೆ ಗುಜರಿಗೆ.

ಕನ್ನಡಕದವರು ಹುಕುಮನ್ನು ಎರಡೆರಡು ಸಲ ಓದಿದರು. ದೊಡ್ಡಪ್ಪ ಗುಜರಿಗೆ! ತಂದೆ ಪ್ರತಿ ಭಾನುವಾರ ಮೈ ಒರೆಸುತ್ತಿದ್ದ ಗಾಡಿಯನ್ನು ಯಾರೋ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡುವುದನ್ನು ನೆನೆದೇ ಅವರಿಗೆ ಊಟ ಸೇರಲಿಲ್ಲ. ಇನ್‌ಸ್ಪೆಕ್ಟರ್ ಕಣ್ಣೆದುರೇ ಹೆಂಡತಿ ಗೇರು ಹಿಡಿದು ಕೂತರೆ ಕಾಯಿಲೆ ಬಯಲಾಗದೆ ಇದ್ದೀತೆ? "ಸಾರ್, ಸ್ವಲ್ಪ ಇದನ್ನ ಹಿಡ್ಕೊಳ್ಳಿ" ಎಂದು ಸರ್ಕಾರದ ಕೈಗೆ ಗೇರು ಕೊಡಲಾದೀತೆ?

ಹಾಗಾಗಿ ದೊಡ್ಡಪ್ಪನನ್ನು ಗೇರ್ ಡಾಕ್ಟರ ಗ್ಯಾರೇಜಿಗೆ ಸೇರಿಸಲಾಯಿತು. ಇವರು ಓದಿ ಡಾಕ್ಟರಾದವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುತ್ತಿದ್ದ ಭಂಗಿಯಿಂದ ಆ ಹೆಸರು ಬಂದಿತ್ತು. ಹೆಸರು ಬಂದ ಮೇಲೆ ಅವರು ಬಿಳಿ ಕೋಟನ್ನೂ ಹೊಲಿಸಿದ್ದರು. ಗ್ರೀಸಿನಿಂದಾಗಿ ಅದು ಬಿಳಿ ಎಂದು ಅವರೇ ಹೇಳಬೇಕಾಗಿತ್ತು.

"ಹಲ್ಲು ಸವೆದು ಬೋಡಾಗಿದೆ. ಸ್ಪ್ರಿಂಗ್ ಸತ್ತು ಯಾವ ಕಾಲವಾಯ್ತೋ!" ಎಂದರು ಡಾಕ್ಟರು. "ಇಷ್ಟು ವರ್ಷ ಈ ಗಾಡಿ ಓಡಿದ್ದಾದ್ರೂ ಹೇಗೆ?"

"ಓಡಿಸೋರು ಸರಿಯಾಗಿರಬೇಕು ಡಾಕ್ಟ್ರೇ" ಎಂದರು ಕನ್ನಡಕದವರು, ವಿನಯದಿಂದ ನೆಲ ನೋಡುತ್ತ.

ಗೇರ್‌ಬಾಕ್ಸನ್ನು ಇಳಿಸಿ, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಹಲಗೆಯ ಮೇಲೆ ಹರಡಿದಾಗ ಕನ್ನಡಕದವರು ಅಂಗಡಿಗೆ ಬೀಗ ಹಾಕಿ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಸವೆದ ಹಲ್ಲಿನ ಚಕ್ರದ ಬದಲು ಲೇತಿನಲ್ಲಿ ಹೊಸದನ್ನು ಕಡೆಸಿದ್ದಾಯಿತು. ಬೇರಿಂಗು ಬದಲಾಯಿತು. ಆದರೆ ಅವರ ಕಣ್ಣು ಹೋದದ್ದು ಕಡಲೆಕಾಳಿನಷ್ಟು ದೊಡ್ಡದಾದ ಒಂದು ಉಕ್ಕಿನ ಗುಂಡು, ಅದರ ಬೆನ್ನಿಗಿದ್ದ ಪುಟ್ಟ ಸ್ಪ್ರಿಂಗು, ಇವುಗಳ ಮೇಲೆ. ಗೇರು ಬಿದ್ದೊಡನೆ ಈ ಗುಂಡು ಒಂದು ಗುಳಿಯಲ್ಲಿ ಕೂತು ಅದನ್ನು ಹಿಡಿದುಕೊಳ್ಳುತ್ತದಂತೆ.

"ಇಷ್ಟು ದೊಡ್ಡ ಗಾಡೀನ ಹಿಡಿದು ನಿಲ್ಲಿಸೋದು ಇದಾ?" ಎಂದು ಅವರು ಬೆರಗಾಗಿ ಗುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಇಷ್ಟು ವರ್ಷ ಆ ಕಾಳಿನ ಕೆಲಸವನ್ನು ಯಾರು ಮಾಡಿದರು ಎಂಬ ಯೋಚನೆ ಅವರ ತಲೆಗೆ ಬರಲಿಲ್ಲ. ಬರುವ ತಲೆಯಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಇನ್ನು ಈ ಗೇರ್ ಜಗ್ಗಿದ್ರೆ ನನ್ನ ಗ್ಯಾರೇಜಿನ ಬೋರ್ಡ್ ಇಳಿಸ್ತೀನಿ" ಎಂದು ಡಾಕ್ಟರು ಎದೆ ತಟ್ಟಿ ಹೇಳಿ, ತಾವೇ ದೊಡ್ಡಪ್ಪನನ್ನು ಮನೆಯವರೆಗೆ ಓಡಿಸಿಕೊಂಡು ಬಂದರು. ಗಾಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ಹೆಂಡತಿ ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದ್ದರು. ಕನ್ನಡಕದವರು ಉದಾರವಾಗಿ ನಕ್ಕರು. "ಇನ್ನು ನಿನಗೆ ಆ ಕಷ್ಟ ಬೇಡ. ಗೇರ್ ತಾನಾಗೇ ನಿಲ್ಲುತ್ತೆ. ನಿನ್ನ ಕೈಗೆ ಬಿಡುಗಡೆ ಆಯ್ತು. ಹಿಂದೆ ಹೋಗಿ ಆರಾಮಾಗಿ ಕೂತ್ಕೋ."

ಆಕೆ ಒಮ್ಮೆ ತಮ್ಮ ಕೈಯನ್ನು ನೋಡಿಕೊಂಡರು. ಹಿಂದೆ ಹೋಗಿ ಕೂತರು. ಮುಂದೆ ಡಾಕ್ಟರು ಕೂತರು. ಕನ್ನಡಕದವರು ಸ್ಟಿಯರಿಂಗ್ ಹಿಡಿದು, ಕ್ಲಚ್ ಒತ್ತಿ, ಗೇರುಕೋಲನ್ನು ತಳ್ಳಿದರು.

ತಗಡನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು ಬಂತು. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ಮೊದಲನೇ ಗೇರಿಗೆ ಹಾಕಿದ್ದು ಮೂರನೆಯದಕ್ಕೆ ಬಿದ್ದು ದೊಡ್ಡಪ್ಪ ಕೆಮ್ಮಿ ನಿಂತಿತು. ಮತ್ತೆ ಹೊರಟಿತು, ಮತ್ತೆ ಕಿರುಚಿತು. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಡಾಕ್ಟರ ಮುಖ ಅವರ ಕೋಟಿಗಿಂತ ಬೆಳ್ಳಗಾಗಿತ್ತು.

"ಇದೇನು ರಿಪೇರಿ ರೀ ಇದು?" ಎಂದರು ಕನ್ನಡಕದವರು.

"ನಾನು ಓಡಿಸಿದಾಗ ಸರಿಯಿತ್ತಲ್ಲ!"

"ಅಂದ್ರೆ ನಂಗೆ ಓಡಿಸೋಕೆ ಬರಲ್ಲ ಅಂತೀರಾ?"

ಈ ಪ್ರಶ್ನೆ ಎಷ್ಟು ಅಸಂಬದ್ಧವೆಂದರೆ ಡಾಕ್ಟರು ಅದಕ್ಕೆ ಉತ್ತರ ಕೊಡಲೂ ಇಲ್ಲ. ಇವರ ಚಾಲನೆಯನ್ನು ಇಡೀ ಬೀದಿ ಬಲ್ಲದು. ಅವರು ಹಿಂದಕ್ಕೆ ತಿರುಗಿ, "ಅಮ್ಮಾ, ನಿಮಗೇನಾದ್ರೂ ಹೊಳೆಯುತ್ತಾ?" ಎಂದು ಕೇಳಿದರು.

"ನಂಗೇನು ಗೊತ್ತು? ಹಿಂದೆ ಆರಾಮಾಗಿ ಕೂತಿರೋಳು ನಾನು" ಎಂದು ಆಕೆ ಕಿಟಕಿಯಾಚೆ ನೋಡಿದರು.

ಡಾಕ್ಟರು ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಿದರು. ಎಲ್ಲ ಸರಿಯಾಗಿತ್ತು. ಎಣ್ಣೆ ಗಟ್ಟಿಯಾಯಿತೇನೋ ಎಂದು ತೆಳುವಾದದ್ದು ಹಾಕಿದರು. ಆಮೇಲೆ ಕನ್ನಡಕದವರ ಚಪ್ಪಲಿಯ ಅಟ್ಟೆ ದಪ್ಪವಾಯಿತೆಂದು ಅವರಿಗೆ ಬರಿಗಾಲಲ್ಲಿ ಓಡಿಸಲು ಹೇಳಿದರು. ಡಾಕ್ಟರು ಓಡಿಸಿದರೆ ಬೆಣ್ಣೆ, ಕನ್ನಡಕದವರು ಓಡಿಸಿದರೆ ತಗಡು. ಡಾಕ್ಟರಿಗೆ ನಿದ್ದೆ ಹಾರಿಹೋಯಿತು. ತಮ್ಮ ಜೀವಮಾನದಲ್ಲಿ ಮನುಷ್ಯರನ್ನು ಗುರುತು ಹಿಡಿಯುವ ಗೇರ್‌ಬಾಕ್ಸನ್ನು ಅವರು ಕಂಡಿರಲಿಲ್ಲ.

ಇತ್ತ ಮಹಡಿಯ ಮೇಲೆ ಪೋಸ್ಟ್‌ಮಾಸ್ಟರಿಗೆ ಗೇರ್‌ಬಾಕ್ಸಿನ ಚಿಂತೆ ಇರಲಿಲ್ಲ. ಅವರು ಕಂಡದ್ದು ಖಾಲಿಯಾದ ಒಂದು ಜಾಗವನ್ನು. ಸಂಜೆಯೊಳಗೆ ಅವರು ಕನ್ನಡಕದವರ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಫೋನು ಮಾಡಿದರು. "ಹೇಳೋಕೆ ಸಂಕಟವಾಗುತ್ತೆ. ಗಟ್ಟಿ ಮನಸ್ಸು ಮಾಡ್ಕೊಳ್ಳಿ. ನಿಮ್ಮ ತಂಗಿ ಹಿಂದಿನ ಸೀಟಿಗೆ ಹೋಗಿದ್ದಾರೆ."

ಮರುದಿನವೇ ಭಾವ ಸೂಟ್‌ಕೇಸ್ ಸಮೇತ ಬಂದಿಳಿದರು. ಅವರು ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದವರು. ಮನೆಯಲ್ಲೂ ನೀರು ಕೇಳುವಾಗ ಮೂರು ಸಲ ಕೂಗುತ್ತಿದ್ದರು. ತಂಗಿಯನ್ನೂ ಭಾವಮೈದುನನನ್ನೂ ಎದುರುಬದುರು ಕೂರಿಸಿ ವಿಚಾರಣೆ ಶುರುಮಾಡಿದರು.

"ಇವಳನ್ನ ಯಾಕೆ ಹಿಂದೆ ಕೂರಿಸಿದ್ರಿ?"

"ಆರಾಮಾಗಿರಲಿ ಅಂತ ಭಾವ."

"ಆರಾಮು! ಎಲ್ಲಾ ಕೇಸಲ್ಲೂ ಗಂಡ ಹೇಳೋದು ಇದನ್ನೇ! ಏನಮ್ಮಾ, ನೀನೇನು ಹೇಳ್ತೀಯ?"

"ನಂದೇನಿಲ್ಲ ಅಣ್ಣ. ಬೇಡ ಅಂದ್ಮೇಲೆ ಬೇಡ" ಎಂದು ಆಕೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಲೋಟಗಳು ಬೇಕಿದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು.

ಭಾವ ತೀರ್ಪು ಕೊಟ್ಟರು. ಗಂಡ ಹೆಂಡತಿ ಈಗಲೇ ಮುಂದಿನ ಸೀಟಿನಲ್ಲಿ ಜೊತೆಯಾಗಿ ಕೂತು ಊರು ಸುತ್ತಬೇಕು. ಸಾಕ್ಷಿಯಾಗಿ ತಾವು ಹಿಂದೆ ಕೂರುವುದು. ಗೇಟಿನ ಬಳಿ ದಿಕ್ಕು ತೋಚದೆ ನಿಂತಿದ್ದ ಡಾಕ್ಟರೂ ಸ್ಕ್ರೂಡ್ರೈವರ್ ಹಿಡಿದು ಹತ್ತಿಕೊಂಡರು.

ದೊಡ್ಡಪ್ಪ ಹೊರಟಿತು. ಒಂದನೇ ಗೇರು, ಎರಡನೇ ಗೇರು, ಮೂರು. ಸದ್ದೆಂಬುದಿಲ್ಲ. ಏರು ಬಂತು, ಇಳುಕಲು ಬಂತು, ಸಂತೆಯಂಥ ಜನಜಂಗುಳಿಯ ಚೌಕ ಬಂತು. ಗಾಡಿ ನೀರಿನ ಮೇಲಿನ ದೋಣಿಯ ಹಾಗೆ ತೇಲಿತು. ಕನ್ನಡಕದವರು ಬಲಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಎಡಗೈ ಬೀಸುತ್ತ ಭಾವನಿಗೆ ಚಾಲನೆಯ ಸೂಕ್ಷ್ಮಗಳನ್ನು ವಿವರಿಸುತ್ತಿದ್ದರು. ಡಾಕ್ಟರು ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದ್ದರು. ಭಾವನೊಬ್ಬರಿಗೆ ತಂಗಿಯ ಕೈ ಆ ನಡುವೆ ಎಲ್ಲೋ ಓಡಾಡುತ್ತಿರುವುದು ಕಂಡಿತು. ಆದರೆ ಗಂಡ ಹೆಂಡತಿ ರಾಜಿಯಾಗುವಾಗ ಅಣ್ಣನಾದವನು ನೋಡುತ್ತ ಕೂರುವುದು ಸಭ್ಯತೆಯಲ್ಲವೆಂದು ಅವರು ಮುಖ ತಿರುಗಿಸಿ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಹೋದರು. ಕಾಣಬೇಕಾದ್ದು ಕಣ್ಣೆದುರಿಗೇ ಇತ್ತು, ನೋಡುವವರು ಮಾತ್ರ ಆ ಗಾಡಿಯಲ್ಲಿ ಯಾರೂ ಇರಲಿಲ್ಲ.

"ನೋಡಿದ್ರಾ? ಸಂಸಾರ ಸರಿಹೋದ್ರೆ ಗಾಡಿ ತಾನಾಗೇ ಸರಿಹೋಗುತ್ತೆ!" ಎಂದರು ಭಾವ.

ಡಾಕ್ಟರು ಒಪ್ಪಲಿಲ್ಲ. ಅವರ ಕಣ್ಣಲ್ಲಿ ಮಿಂಚು ಬಂದಿತ್ತು. "ತೂಕ! ಇಷ್ಟು ವರ್ಷ ಅಮ್ಮಾವ್ರು ಅಲ್ಲೇ ಕೂತು ಗಾಡಿ ತಳದ ಚಾಸಿ ಆ ಕಡೆ ಬಾಗಿದೆ. ಆ ಜಾಗದಲ್ಲಿ ಭಾರ ಇದ್ರೇನೇ ಗೇರ್ ಸಲೀಸು. ಅಮ್ಮಾ, ತಪ್ಪು ತಿಳೀಬೇಡಿ. ನಿಮ್ಮ ತೂಕ ಎಷ್ಟು?"

ಭಾವ ಸೀಟಿನಿಂದ ಅರ್ಧ ಎದ್ದರು. "ಏನಯ್ಯಾ ನಿನ್ನ ಧೈರ್ಯ!"

"ಬಿಡಣ್ಣ. ನನ್ನ ತೂಕ ಈ ಮನೇಲಿ ಯಾರಿಗೂ ಗೊತ್ತಿಲ್ಲ" ಎಂದರು ಆಕೆ.

ಅಂದಾಜಿನ ಮೇಲೆ ಒಂದು ಮರಳಿನ ಮೂಟೆ ತರಿಸಲಾಯಿತು. ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಬಾಗಿಲ ಬದಿಗೆ, ಮೂಟೆ ನಡುವೆ ಎಂದು ಡಾಕ್ಟರ ಲೆಕ್ಕ. ಮರಳು ಸೋರದಿರಲಿ ಎಂದು ಮೂಟೆಗೆ ಹೆಂಡತಿಯ ಹಳೆಯ ಶಾಲು ಸುತ್ತಿದರು. ಮಹಡಿಯಿಂದ ಇದನ್ನು ಕಂಡ ಪೋಸ್ಟ್‌ಮಾಸ್ಟರ್ ಕುರ್ಚಿ ಹಿಡಿದುಕೊಂಡು ಕೂತರು. ಹೆಂಡತಿಯ ಜಾಗಕ್ಕೆ ಮೂಟೆ! ಸುದ್ದಿ ಅವರು ಫೋನು ಇಡುವ ಮೊದಲೇ ಪಕ್ಕದ ಬೀದಿಗೆ ಹೋಗಿತ್ತು.

ಕನ್ನಡಕದವರು ಮೂಟೆಯೊಂದಿಗೆ ಒಬ್ಬರೇ ಹೊರಟರು. ಡಾಕ್ಟರು ಪಕ್ಕದಲ್ಲಿ ಕೂತು ಬಿರುಗಣ್ಣಿಂದ ನೋಡುತ್ತಿದ್ದಾಗ ಅವರ ಕೈ ಮೈಯೆಲ್ಲ ಎಚ್ಚರವಾಗಿರುತ್ತಿತ್ತು. ಈಗ ಪಕ್ಕದಲ್ಲಿ ಮೆತ್ತಗೆ ಒರಗಿದ್ದದ್ದು ಪರಿಚಿತ ಶಾಲು. ಹೇಗೋ ಕಿರುಚಿಸಿ ಗಾಡಿಯನ್ನು ತಿರುವು ದಾಟಿಸಿದರು. ಏರು ಬಂತು. ಅಭ್ಯಾಸಬಲದಿಂದ ಕ್ಲಚ್ ಒತ್ತಿದರು.

ಒತ್ತಿ, ಕಾದರು.

ಏನೂ ಆಗಲಿಲ್ಲ. ಅವರು ಮೂಟೆಯತ್ತ ನೋಡಿದರು. ಮೂಟೆ ಸುಮ್ಮನಿತ್ತು. ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಒತ್ತಿ ನಿಲ್ಲಿಸಿ, ತಮ್ಮ ಎಡಗೈ ಎಲ್ಲಿದೆ ಎಂದು ಹುಡುಕಿದರು. ಅದು ಗಾಳಿಯಲ್ಲಿತ್ತು, ಮೂಟೆಗೆ ಏನೋ ವಿವರಿಸುತ್ತಿತ್ತು.

ಹಾಗಾದರೆ ಇಷ್ಟು ವರ್ಷ ತಾವು ಕಾಯುತ್ತಿದ್ದದ್ದು ಯಾತಕ್ಕೆ? ಕನ್ನಡಕದವರು ಎಡಗೈಯನ್ನು ಕೆಳಗಿಳಿಸಿದರು. ಮೊದಲು ಹೆಂಡತಿ ಗೇರು ಹಿಡಿದುಕೊಂಡಳು. ಹಿಡಿದ ಕೈ ಮೂರರಿಂದ ಎರಡಕ್ಕೆ ತಾನೇ ಇಳಿಸಿತು. ಆಮೇಲೆ ಎರಡರಿಂದ ಒಂದಕ್ಕೆ. ತಾವು ಮಾತಾಡುತ್ತಿದ್ದರು. ಅಷ್ಟೇ ತಾವು ಮಾಡುತ್ತಿದ್ದದ್ದು. ಗೇರು ಹಾಕಿದ್ದು ಗಾಡಿಗೂ ಗೊತ್ತಾಗುತ್ತಿರಲಿಲ್ಲ, ಒಳಗೆ ಕೂತವರಿಗೂ ಗೊತ್ತಾಗುತ್ತಿರಲಿಲ್ಲ, ಓಡಿಸುವವರಿಗೂ ಗೊತ್ತಾಗಿರಲಿಲ್ಲ.

ಹೀಗೆ ಸತ್ಯ ಕಂಡುಹಿಡಿದ ಮನುಷ್ಯ ಏನು ಮಾಡಬೇಕು? ಮನೆಗೆ ಬಂದು ಎಲ್ಲರಿಗೂ ಹೇಳಬೇಕು. ಕನ್ನಡಕದವರು ಮನೆಗೆ ಬಂದು, "ಮರಳು ಹಸಿಯಾಗಿದೆ, ಅದಕ್ಕೇ ಸರಿಬರ್ತಿಲ್ಲ" ಎಂದರು. ಭಾವ ಎದುರಿಗಿದ್ದಾರೆ, ಬೀದಿ ತುಂಬ ಕಿವಿಗಳಿವೆ. ಹೇಗೆ ತಾನೆ ಬಾಯಿ ಬರುತ್ತದೆ? ಡಾಕ್ಟರು ಪಾಪ ಬಿಸಿಲಿನಲ್ಲಿ ಮರಳು ಹರಡಿ ಒಣಗಿಸಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಹೆಂಡತಿ ಅಡುಗೆಮನೆಗೆ ಹೋದರೆ ಗಂಡ ಮಣೆಯ ಮೇಲೆ ಕೂತು, ಹಿಟ್ಟಿನ ಡಬ್ಬಿಯಲ್ಲಿ ಸೌಟು ನೆಟ್ಟು, ಎಡಗಾಲಿನಿಂದ ನೆಲ ಒತ್ತುತ್ತ ಸೌಟನ್ನು ಹಿಂದೆ ಮುಂದೆ ತಳ್ಳುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಹಿಟ್ಟು ಚೆಲ್ಲುತ್ತೆ" ಎಂದಷ್ಟೇ ಹೇಳಿ ಆಕೆ ಒಲೆ ಹಚ್ಚಿದರು.

ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರು ಇಬ್ಬರಿಗಾಗುವಷ್ಟು ಜಾಗ ಹಿಡಿಯುವ ಗಂಭೀರ ಮನುಷ್ಯ. ಡಾಕ್ಟರೇ ಓಡಿಸಿಕೊಂಡು ತಂದಿದ್ದ ಗಾಡಿಯೊಳಗಿನ ಮೂಟೆಯನ್ನು ನೋಡಿ, "ಇದೇನು?" ಎಂದರು. ಡಾಕ್ಟರು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, "ಇಳಿಸಿ" ಎಂದರು. ಮೂಟೆ ಇಳಿಯಿತು, ಇನ್‌ಸ್ಪೆಕ್ಟರ್ ಹತ್ತಿದರು. ಹಿಂದೆ ಭಾವ, ಹೆಂಡತಿ, ಡಾಕ್ಟರು.

ಕಚೇರಿಯ ಹಿಂದಿನ ಏರುದಾರಿಯಲ್ಲಿ ದೊಡ್ಡಪ್ಪ ಅತ್ತಿತು. ಒಂದರಿಂದ ಎರಡಕ್ಕೆ ಹೋಗುವಾಗ ಅತ್ತಿತು, ಎರಡರಿಂದ ಎಲ್ಲಿಗೂ ಹೋಗಲಾಗದೆ ಅತ್ತಿತು. ಕೊನೆಗೆ ನಡುದಾರಿಯಲ್ಲಿ ನಿಂತೇಬಿಟ್ಟಿತು. ಇನ್‌ಸ್ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದರು.

"ಗೇರ್‌ಬಾಕ್ಸ್ ಪೂರ್ತಿ ಹೋಗಿದೆ. ಗುಜರಿಗೆ ಹಾಕಿ. ಯಾರ್ರೀ ಇದನ್ನ ರಿಪೇರಿ ಮಾಡಿದ್ದು?"

"ನಾನೇ ಸಾರ್" ಎಂದ ಡಾಕ್ಟರ ದನಿ ಹಿಂದಿನ ಸೀಟಿನ ಕೆಳಗೆಲ್ಲಿಂದಲೋ ಬಂತು. "ಬೋರ್ಡ್ ಇಳಿಸ್ತೀನಿ ಸಾರ್. ಇವತ್ತೇ ಇಳಿಸ್ತೀನಿ."

ಕನ್ನಡಕದವರು ಸುಮ್ಮನಿದ್ದರೆ ಸಾಕಿತ್ತು. ಕಾರು ಹೋಗುತ್ತಿತ್ತು, ಡಾಕ್ಟರ ಹೆಸರು ಹೋಗುತ್ತಿತ್ತು, ಅವರ ಹೆಸರು ಮಾತ್ರ ಉಳಿಯುತ್ತಿತ್ತು. ಅವರು ಎದುರಿನ ಕನ್ನಡಿಯತ್ತ ಕಣ್ಣೆತ್ತಿದರು. ಅದರಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದರು. ಆದರೆ ಮಡಿಲಲ್ಲಿದ್ದ ಅವರ ಕೈ ಖಾಲಿ ಗಾಳಿಯನ್ನು ಹಿಡಿದುಕೊಂಡು, ತಾನಾಗಿಯೇ ಎರಡರಿಂದ ಒಂದಕ್ಕೆ ಇಳಿಯುತ್ತಿತ್ತು. ಕನ್ನಡಕದವರು ಪಕ್ಕಕ್ಕೆ ತಿರುಗಿದರು.

"ಗೇರ್‌ಬಾಕ್ಸ್ ಸರಿಯಾಗಿದೆ ಸಾರ್" ಎಂದರು. "ನಂಗೆ ಗೇರ್ ಹಾಕೋಕೆ ಬರಲ್ಲ."

"ಏನು? ಏನು? ಏನು?" ಎಂದು ಭಾವ ಮೂರು ಸಲ ಕೂಗಿದರು.

"ಹಾಕ್ತಿದ್ದೋಳು ಹಿಂದೆ ಕೂತಿದ್ದಾಳೆ ಸಾರ್. ನಾನು ಬರೀ ಕ್ಲಚ್ಚು, ಬ್ರೇಕು, ಮಾತು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಅವರ ಗಂಭೀರ ಮುಖದ ಮೇಲೆ ಮೊದಲ ಸಲ ಕುತೂಹಲ ಮೂಡಿತು. "ಹಾಗಿದ್ರೆ ನಿಮಗೆ ಲೈಸೆನ್ಸ್ ಯಾರ್ರೀ ಕೊಟ್ಟಿದ್ದು?"

"ಆಗಿನ್ನೂ ಮದುವೆ ಆಗಿರಲಿಲ್ಲ ಸಾರ್. ಆಗ ನಾನೇ ಹಾಕ್ತಿದ್ದೆ."

ಇನ್‌ಸ್ಪೆಕ್ಟರ್ ಕಷ್ಟಪಟ್ಟು ಹಿಂದಕ್ಕೆ ತಿರುಗಿದರು. "ಅಮ್ಮಾ, ನೀವೆಲ್ಲಿ ಕಲಿತ್ರಿ ಇದನ್ನ?"

"ಕಲೀಲಿಲ್ಲಪ್ಪ. ಗೇರ್ ಕಿತ್ಕೊಳ್ಳುತ್ತೆ, ಹಿಡ್ಕೋ ಅಂದ್ರು. ಹಿಡ್ಕೊಂಡೆ. ಬಿಡು ಅಂತ ಯಾರೂ ಹೇಳಲಿಲ್ಲ." ಆಕೆ ಕೈಯನ್ನು ಮಡಿಲಲ್ಲಿ ಮಡಚಿಟ್ಟುಕೊಂಡರು. "ಮೊನ್ನೆ ಹೇಳಿದ್ರು."

ಡಾಕ್ಟರು ಸ್ಕ್ರೂಡ್ರೈವರನ್ನು ಕಿವಿಯಿಂದ ಇಳಿಸಿದರು. ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡರು. "ನಾನು ಪರೀಕ್ಷೆ ಮಾಡೋದು ಗಾಡೀನ. ಗೇರ್ ಯಾರ ಕೈ ಹಾಕಬೇಕು ಅಂತ ನನ್ನ ರೂಲಿನಲ್ಲಿಲ್ಲ. ಬನ್ನಿ ಅಮ್ಮಾ, ಮುಂದೆ ಬನ್ನಿ." ಎಂದು ತಮ್ಮ ದೊಡ್ಡ ಮೈಯನ್ನು ಆದಷ್ಟೂ ಬಾಗಿಲಿಗೆ ಒತ್ತಿಕೊಂಡರು.

ಆಕೆ ಬರಲಿಲ್ಲ. "ಅವರು ಕರೀಲಿ" ಎಂದರು.

ಕನ್ನಡಕದವರು ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದು ನಿಂತರು. ಬೀದಿಗೆಲ್ಲ ಭಾಷಣ ಮಾಡಿದ ನಾಲಿಗೆಗೆ ಆಗ ಸಿಕ್ಕಿದ್ದು ಒಂದೇ ಮಾತು. "ಬಾರೇ."

ದೊಡ್ಡಪ್ಪ ಏರು ಹತ್ತಿತು. ಮುಂದೆ ಮೂವರು, ಹಿಂದೆ ಇಬ್ಬರು, ಒಂದಿಷ್ಟೂ ಸದ್ದಿಲ್ಲ. ಮೂರನೇ ಗೇರು ಬಿದ್ದದ್ದು ಇನ್‌ಸ್ಪೆಕ್ಟರಿಗೆ ಗೊತ್ತಾಗಲಿಲ್ಲ. ಆಕೆ ಕೈ ತೆಗೆದು ತೋರಿಸಿದರು; ಕೋಲು ಅಲುಗದೆ ನಿಂತಿತ್ತು. ಹಿಂದೆ ಡಾಕ್ಟರು ಯಾವ ನಾಚಿಕೆಯೂ ಇಲ್ಲದೆ ಅಳುತ್ತ, "ಕೇಳಿ, ಏನೂ ಕೇಳಿಸ್ತಿಲ್ಲ, ಕೇಳಿ!" ಎಂದು ಸ್ಕ್ರೂಡ್ರೈವರನ್ನು ಭಾವನ ಕಿವಿಗೆ ಚುಚ್ಚುತ್ತಿದ್ದರು.

ಕಚೇರಿ ಮುಟ್ಟಿದ ಮೇಲೆ ಇನ್‌ಸ್ಪೆಕ್ಟರ್ "ಪಾಸ್" ಎಂದು ಹೇಳಿ, ಇಳಿದು, ಸೊಂಟ ನೀವಿಕೊಂಡು ಹೋದರು. ಡಾಕ್ಟರು ಭಾವನನ್ನು ಎಳೆದುಕೊಂಡು, ಗೇರ್‌ಬಾಕ್ಸಿನ ಒಳಗುಟ್ಟನ್ನು ಮೊದಲಿಂದ ತಿಳಿಸಲು, ಎದುರಿನ ಚಹಾ ಅಂಗಡಿಗೆ ಹೊರಟರು. ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಬಾಗಿಲ ಬದಿಯಲ್ಲಿ ಬೇಕಾದಷ್ಟು ಜಾಗ ಖಾಲಿಯಾಗಿತ್ತು. ಆಕೆ ಸರಿದು ಕೂರಲಿಲ್ಲ.

"ನೋಡೇ..." ಎಂದು ಕನ್ನಡಕದವರು ಶುರುಮಾಡಿದರು. "ಇಷ್ಟು ವರ್ಷ ನಾನು..." ಎಡಗೈ ಮೆಲ್ಲಗೆ ಗಾಳಿಯಲ್ಲಿ ಏಳತೊಡಗಿತು.

"ಆಮೇಲೆ ಹೇಳುವಿರಂತೆ" ಎಂದರು ಆಕೆ. "ಹಿಂದೆ ಲಾರಿಯೋನು ಹಾರನ್ ಹೊಡೀತಿದ್ದಾನೆ. ಕ್ಲಚ್ ಒತ್ತಿ."

ಅವರು ಒತ್ತಿದರು.